ಶಿವರತ್ನಮ್ಮನ ಸೊಪ್ಪಿನ ಗಂಟು

ಎಂಬತ್ತರ ದಶಕದಲ್ಲಿ ಪರಸ್ಥಳಕ್ಕೆ ಹೋಗಿ ಕೊಳ್ಳೇಗಾಲದವನು ಅಂದರೆ, ಜನ ನನ್ನ ಪಂಚೆಯ ಅಂಚು ಮುಟ್ಟಿ ನೋಡುತ್ತಿದ್ದರು, ರೇಷ್ಮೆಯೋ ಅಲ್ಲವೋ ಅಂತ. ಮಾಟಮಂತ್ರದ ಮಾತು ಆಗಲೂ ಇತ್ತು, ಆದರೆ ಕಾಫಿ ಕುಡಿದಾದ ಮೇಲೆ ಬರುತ್ತಿತ್ತು. ಬರಬರುತ್ತಾ ಕಾಫಿಗೆ ಮುಂಚೆಯೇ ಬರತೊಡಗಿತು. ಆಮೇಲೆ ಗಂಧ, ದಂತ ಕದಿಯುವ ಕಾಡಿನವನ ಸುದ್ದಿ ಪೇಪರಿಗೆ ಹತ್ತಿತು, ಕಾಫಿಯೇ ನಿಂತುಹೋಯಿತು.

ರೇಷ್ಮೆ, ಮಂತ್ರ, ಕಾಡಿನವನು, ಈ ಮೂರು ಹೆಸರನ್ನೂ ಒಂದೇ ತಲೆಯ ಮೇಲೆ ಹೊತ್ತವಳು ಹೂಗ್ಯಂನ ಶಿವರತ್ನಮ್ಮ. ಗಂಡ ಹೋದಮೇಲೆ ರೇಷ್ಮೆಹುಳ ಸಾಕಿಯೇ ಮನೆ ನಿಲ್ಲಿಸಿದವಳು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ನಾನು ಬಾಡಿಗೆಗೆ ಕೊಡುತ್ತಿದ್ದೆ. ಅವಳು ತಕರಾರಿಲ್ಲದೆ ತೆಗೆದುಕೊಂಡದ್ದು ಒಂದು ಸಲವೂ ನೆನಪಿಲ್ಲ. ನಿನ್ನ ಚಂದ್ರಿಕೆ ಮೇಲೆ ಕೂರಕ್ಕೆ ನನ್ನ ಹುಳ ನಾಚ್ಕತವೆ ಅನ್ನುತ್ತಿದ್ದಳು.

ತೊಂಬತ್ಮೂರರ ಬೇಸಿಗೆಯಲ್ಲಿ ಅವಳ ಹಿಪ್ಪುನೇರಳೆ ತೋಟ ಒಣಗಿತು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವಾಗ ಬಾಯಿ ಮುಚ್ಚಿ ಕೂರುವುದಕ್ಕೆ ನಮ್ಮವರು ಜ್ವರ ಅಂತಲೇ ಹೇಳುವುದು. ನಾಲ್ಕನೇದರಿಂದ ಎದ್ದರೆ ಅವುಗಳ ಹಸಿವು ಕೇಳುವ ಹಾಗಿಲ್ಲ, ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೈಬಿಡುತ್ತದೆ. ಆ ವರ್ಷ ಅವಳಿಗಿದ್ದದ್ದು ಅದೊಂದೇ ಬೆಳೆ. ಹಾಗಾಗಿ ಸತ್ತೇಗಾಲದ ನೀರಾವರಿ ತೋಟದಿಂದ ಸೊಪ್ಪು ಕೊಂಡು, ಒದ್ದೆ ಗೋಣಿಯಲ್ಲಿ ಗಂಟು ಕಟ್ಟಿ, ನನ್ನ ಚಂದ್ರಿಕೆ ಹೊತ್ತ ಟೆಂಪೊಗೇ ಏರಿಸಿ, ತಾನೂ ಹತ್ತಿ ಕೂತಳು. ಬೇರೆ ಊರಿನ ಸೊಪ್ಪಿಗೆ ಕಣ್ಣು ಬೀಳದಿರಲಿ ಅಂತ ಗಂಟಿನ ಬಾಯಿಗೆ ಬೇವಿನ ಎಸಳು, ಒಂದು ನಿಂಬೆಹಣ್ಣು. ನಮ್ಮ ಕಡೆ ಅದೇನು ದೊಡ್ಡ ಸಂಗತಿಯಲ್ಲ.

ಹನೂರು ದಾಟಿದ ಮೇಲೆ ಚೆಕ್‌ಪೋಸ್ಟ್. ಕಾಡಿನವನಿಗೆ ಊಟ ಸಾಗಿಸುವವರನ್ನು ಹಿಡಿಯಲು ಹಾಕಿದ್ದು. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಬಿಜಾಪುರದ ಕಡೆಯವನು, ಬಂದು ವಾರವಾಗಿರಲಿಲ್ಲ. ಗಂಟಿನಲ್ಲಿ ಏನು ಅಂತ ಕೇಳಿದ.

"ಮಕ್ಕಳಿಗೆ ಊಟ ಸಾ. ನಾಕನೇ ಜ್ವರದಿಂದ ಎದ್ದವೆ, ಅಸ್ಕಂಡವೆ."

"ಎಷ್ಟ್ ಮಂದಿ ಅದಾರ?"

"ಯಾರ್ ಎಣಿಸವ್ರೆ ಸಾ. ಸಾವ್ರಾರು."

"ಎಲ್ಲಿ ಇಟ್ಟೀರಿ?"

"ಮನೆ ಒಳ್ಗೆ, ಕತ್ಲಲ್ಲಿ. ಯಾರ್ನೂ ಬಿಡಕಿಲ್ಲ."

ಅವನ ಕೈ ಬಂದೂಕಿಗೆ ಹೋಯಿತು. ನಾನು ಇಳಿದು ಹುಳ, ಗೂಡು, ಪೊರೆ ಎಲ್ಲಾ ವಿವರಿಸಿದೆ. ಜ್ವರ ಬರುವ ಹುಳವನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಸಾಹೇಬರು ಬರುವ ತನಕ ಟೆಂಪೊ ಇಲ್ಲೇ ಇರಲಿ ಅಂದ. ಸಾಹೇಬರು ಯಾವಾಗ ಬರುತ್ತಾರೆಂದು ಸಾಹೇಬರಿಗೂ ಗೊತ್ತಿದ್ದಂತಿರಲಿಲ್ಲ. ಬಿಸಿಲು ಏರಿತು. ಶಿವರತ್ನಮ್ಮ ಗಳಿಗೆಗೊಮ್ಮೆ ಗೋಣಿಯೊಳಗೆ ಕೈ ತೂರಿಸಿ ನೋಡುತ್ತಿದ್ದಳು. ಕಟ್ಟಿದ ಸೊಪ್ಪು ಬಿಸಿಯಾಗತೊಡಗಿತ್ತು. ಬಿಸಿಯಾದ ಸೊಪ್ಪು ಹಾಕುವುದಕ್ಕಿಂತ ಹಾಕದಿರುವುದೇ ಮೇಲು.

ಕೊನೆಗೆ ಅವನೇ ಬೇಸತ್ತು ಗಂಟು ಬಿಚ್ಚಲು ಬಂದ. ನಿಂಬೆಹಣ್ಣು ಕಳಚಿಕೊಂಡು ಉರುಳಿ ಅವನ ಬೂಟಿಗೆ ತಗುಲಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅದನ್ನು ನೋಡಿದಳು.

"ಬಿಚ್ಚಿ ಸಾ. ಬಿಚ್ಚಿದೋರೇ ಕಟ್ಟಬೇಕು, ಅಷ್ಟೇಯ."

"ಕಟ್ಟಲಿಲ್ಲಂದ್ರ?"

"ನಂಗೇನ್ ಗೊತ್ತು? ನಾವು ಕೊಳ್ಳೇಗಾಲ್ದೋರು."

ಗೇಟು ಎದ್ದಿತು. ಸೊಪ್ಪು ಮನೆ ಸೇರಿತು. ಬುಡದಲ್ಲಿ ಬೆವೆತದ್ದನ್ನು ಎಸೆದು ಉಳಿದದ್ದನ್ನು ಹಾಕಿದಳು. ಹುಳ ತಿಂದವು, ಮೈ ಹಳದಿಯಾಗಿ ಹಣ್ಣಾದವು, ನನ್ನ ಚಂದ್ರಿಕೆ ಮೇಲೆ ನಾಚದೆ ಗೂಡು ಕಟ್ಟಿದವು.

ಆದರೆ ಅವಳಿಗಿಂತ ಮುಂಚೆ ಅವಳ ಮಾತು ಕೊಳ್ಳೇಗಾಲದ ಗೂಡಿನ ಮಾರುಕಟ್ಟೆ ಮುಟ್ಟಿತ್ತು. ಪೊಲೀಸನ ಕೈಕಾಲು ಸೇದಿಹೋದವಂತೆ ಅಂತ ಅಷ್ಟರಲ್ಲಿ ಕತೆ ಬೆಳೆದಿತ್ತು. ಗೂಡಿನ ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಯಾರೂ ಹರಾಜು ಕೂಗುವುದಿಲ್ಲ. ಅವಳ ರಾಶಿಗೆ ಯಾರೂ ಕೈ ಹಾಕಲಿಲ್ಲ. ಪಕ್ಕದ ರಾಶಿಗೆ ನೂಕುನುಗ್ಗಲು. ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಹಾರಿದರೆ ನೂಲೇ ಬಾರದು. ಹೊತ್ತು ಇಳಿಯುತ್ತಿತ್ತು. ಅವಳು ನನ್ನ ಕಡೆ ನೋಡಿದಳು. ಚಂದ್ರಿಕೆಯವನು ಗೂಡಿಗೆ ಕೈ ಹಾಕಿ ಏನು ಪ್ರಯೋಜನ?

ಅವಳು ಸೀರೆ ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದಳು. ಸುತ್ತಲಿನವರು ದೂರ ಸರಿದರು. ಎದುರಿನ ಟೀ ಅಂಗಡಿಗೆ ನಡೆದು, ಒಂದು ಲೋಟ ನೀರು ಕೇಳಿ, ಎಲ್ಲರ ಕಣ್ಣೆದುರಿಗೆ ಅದನ್ನು ಹಿಂಡಿದಳು.

"ಸಕ್ಕರೆ ಆಕ್ಲಾ," ಅಂದಳು ಅಂಗಡಿಯವನಿಗೆ. "ಮಂತ್ರ ಬಲು ಹುಳಿ ಕಣ್ಲಾ."

ಗಟಗಟ ಕುಡಿದು ಲೋಟ ಮಗುಚಿಟ್ಟಳು. ಯಾರೋ ನಕ್ಕರು. ನಗುತ್ತಲೇ ದೊಡ್ಡಮಾದಪ್ಪ ಅನ್ನುವ ನೂಲು ತೆಗೆಯುವವನು ರಾಶಿಗೆ ಕೈ ಹಾಕಿದ. ಅವನ ಹಿಂದೆ ಇನ್ನೊಂದು ಕೈ. ಕಟ್ಟಕಡೆಗೆ ಹರಾಜಾಯಿತು, ಪಕ್ಕದ ರಾಶಿಯಷ್ಟು ಅಲ್ಲ.

ಆಮೇಲೆ ಚೀನಾ ನೂಲು ಬಂತು, ಹಿಪ್ಪುನೇರಳೆ ತೋಟಗಳು ಒಂದೊಂದಾಗಿ ಕಿತ್ತುಹೋದವು, ನನ್ನ ಚಂದ್ರಿಕೆಗಳು ಅಟ್ಟ ಸೇರಿದವು. ಎರಡು ಸಾವಿರದ ನಾಲ್ಕರಲ್ಲಿ ಕಾಡಿನವನ ಕತೆಯೂ ಮುಗಿಯಿತು. ಮಂತ್ರ ಒಂದು ಮಾತ್ರ ಉಳಿಯಿತು. ಹೂಗ್ಯಂಗೆ ಈಗ ಕಾರು ಬರುತ್ತವೆ, ನಿಂಬೆಹಣ್ಣಿನ ಶಿವರತ್ನಮ್ಮನ ಮನೆ ಯಾವುದು ಅಂತ ಕೇಳಿಕೊಂಡು.

ಮೊನ್ನೆ ನಾನು ಹೋದಾಗಲೂ ಒಂದು ನಿಂತಿತ್ತು. ಬೆಂಗಳೂರಿನ ದಂಪತಿ, ಹುಳಕ್ಕೆ ರೋಗ ತಗುಲದಿರಲಿ ಅಂತ ಹೊಸಿಲಿಗೆ ಎಳೆದ ಸುಣ್ಣದ ಗೆರೆಯ ಆಚೆ ಕೈಮುಗಿದು ನಿಂತಿದ್ದರು. ಒಳಗೆ ಯಾರಿದ್ದಾರೆ ಅಂತ ಹೆಂಡತಿ ಪಿಸುಗುಟ್ಟಿದಳು. ಶಿವರತ್ನಮ್ಮ ಈಗಲೂ ಒಂದಿಷ್ಟು ಹುಳ ಸಾಕುತ್ತಾಳೆ.

"ಮಕ್ಕಳು" ಅನ್ನಲು ಬಾಯಿ ತೆರೆದವಳು, ನನ್ನ ಮುಖ ನೋಡಿ ತಡೆದಳು.

"ಹುಳ ಕಣ್ರಿ," ಅಂದಳು. "ಬರೀ ಹುಳ."

ಅವರು ನಂಬಲಿಲ್ಲ.