ಕೊನೆಯ ಮುಳ್ಳುಬದನೆಯ ಗೊಜ್ಜು

ಎರಡು ವರ್ಷದ ಹಿಂದಿನ ಮಾತು. ನರ್ಸ್ ಕೆಲಸದಿಂದ ನಿವೃತ್ತಳಾಗಿ ಗಡಿಯಂಚಿನ ದೊಡ್ಡಗಾಜನೂರಿನಲ್ಲಿದ್ದ ನನ್ನನ್ನು ಹುಡುಕಿಕೊಂಡು ಮಲರ್ ಎಂಬ ಸಂಶೋಧಕಿ ಬಂದಳು. ಬದನೆ ತಳಿಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡುವುದು ಅವಳ ಕೆಲಸ. ನಮ್ಮ ಬೆಟ್ಟದ ಮುಳ್ಳುಬದನೆಗೆ ಸೊರಗು ರೋಗ ತಗಲುವುದಿಲ್ಲ. ಅದರ ವರ್ಣತಂತುಗಳು ಪೇಟೆಯ ಬದನೆಯವಕ್ಕೆ ಹೊಂದಿದರೆ, ಎರಡನ್ನೂ ಕೂಡಿಸಿ ಸೊರಗದ ಹೊಸ ತಳಿ ಮಾಡಬಹುದಂತೆ.

ಜೀರಹಳ್ಳಿ ಕಡೆಯ ಸೋಲಿಗರ ಪೋಡಿನಲ್ಲಿ, ಅಂದರೆ ಅವರ ಹಾಡಿಯಲ್ಲಿ, ಮಾದಮ್ಮ ಅದನ್ನು ಬೆಳೆಸುತ್ತಿದ್ದಳು. ಅವಳ ಹೆರಿಗೆ ಮಾಡಿಸಿದವಳು ನಾನೇ. ಹೋಗಿ ನೋಡಿದರೆ ಕಾಡುಹಂದಿ ತೋಟವನ್ನೆಲ್ಲ ಅಗೆದುಹಾಕಿ, ಒಂದೇ ಗಿಡ, ಅದರಲ್ಲಿ ಒಂದೇ ಕಾಯಿ ಉಳಿದಿತ್ತು. ಅದು ಹಣ್ಣಾಗಲಿ, ಬೀಜ ಮೊಳೆಸಿ ಬೇರಿನ ತುದಿ ಪರೀಕ್ಷಿಸುತ್ತೇನೆ ಎಂದು ಮಲರ್ ತಮಿಳಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ತಿಳಿಸಿದೆ. ಮಾದಮ್ಮ ತಲೆಯಾಡಿಸಿ, ಗುರುತಿಗೆ ಕಾಯಿಯ ತೊಟ್ಟಿಗೆ ಬಟ್ಟೆ ಚೂರು ಕಟ್ಟಿದಳು.

ಮತ್ತೆ ಹೋದಾಗ ರಾಗಿಮುದ್ದೆ, ಬದನೆ ಗೊಜ್ಜು ನಮಗಾಗಿ ಕಾದಿತ್ತು. ಉಣ್ಣುತ್ತಾ ಕೇಳಿದೆ, "ಯಾವ ಕಾಯಿ ಮಾದಮ್ಮ ಇದು?"

"ಅದೇ ಕಣವ್ವ. ಬದ್ನೆಕಾಯಿ ಉಡುಕ್ಕಂಡು ಅಷ್ಟು ದೂರದಿಂದ ಬರೋ ಮಗ, ರುಚಿ ನೋಡ್ದೆ ಓಗದಾ? ಅಂದಿ ಬೇರು ಕೆದ್ಕಿ ಗಿಡಾನೂ ಒಣಗ್ತಿತ್ತು."

"ಬೀಜಕ್ಕೆ ಬುಡು ಅಂದಿದ್ನಲ್ಲೇ."

"ಬೀಜಕ್ಕೇನು ಬರ? ನಮ್ಮಕ್ಕನತ್ರ ಅದೆ. ಒಬ್ರತ್ರ ಇಲ್ದಿದ್ರೆ ಇನ್ನೊಬ್ರತ್ರ ಇದ್ದೇ ಇರ್ತದೆ. ನೀವು ಓದ್ದೋರು ಎಲ್ಲಕ್ಕೂ ಬೀಗ ಜಡೀತೀರಿ."

ಮಲರ್ ಬೀಜಗಳನ್ನು ತಟ್ಟೆಯ ಅಂಚಿಗೆ ಸರಿಸಿ ನೋಡಿದಳು. ಎಳೆಯವು, ಬೆಂದಿದ್ದವು. ಪೂರ್ತಿ ಉಂಡು, ಚೆನ್ನಾಗಿದೆ ಎಂದು ಕೈಸನ್ನೆ ಮಾಡಿದಳು. ಮಾದಮ್ಮನ ಮುಖ ಅರಳಿತು.

ಮೂವರೂ ಅಕ್ಕನ ಪೋಡಿಗೆ ನಡೆದೆವು. ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ನನ್ನತ್ರ ಎಲ್ಲಿ ಅದೆ? ಓದ ವರ್ಸವೇ ಮುಗೀತು. ನಿನ್ನತ್ರ ಅದೆಯಲ್ಲ ಅಂತ ಸುಮ್ಕಿದ್ದೆ ಕಣೆ."

ಮಾದಮ್ಮ ಅಕ್ಕನ ಬೀಜದ ಗಂಟುಗಳನ್ನೆಲ್ಲ ಬಿಚ್ಚಿ ನೋಡಿದಳು. ಆಮೇಲೆ ವಾರಗಟ್ಟಲೆ ಪೋಡಿನಿಂದ ಪೋಡಿಗೆ ಹೋಗಿ ವಿಚಾರಿಸಿದೆ. ಎಲ್ಲರೂ ಇನ್ನೊಬ್ಬರ ಹೆಸರು ಹೇಳಿದರು. ಕೆಲವರು ಮಾದಮ್ಮನ ಹೆಸರನ್ನೇ ಹೇಳಿದರು.

ಮಲರ್ ಈಗ ಬೇರೆ ತಳಿಗಳನ್ನು ಹೋಲಿಸುತ್ತಿದ್ದಾಳೆ. ಮಾದಮ್ಮ ಸಿಕ್ಕಾಗಲೆಲ್ಲ, "ಆ ಮಗ ಕ್ವಾಪ ಮಾಡ್ಕತಾ?" ಎನ್ನುತ್ತಾಳೆ. ಇಲ್ಲ ಎನ್ನುತ್ತೇನೆ, ಅದು ನಿಜವೂ ಹೌದು. ನನ್ನ ಕೊರಗೇ ಬೇರೆ. ಬೆಟ್ಟದ ಕೊನೆಯ ಮುಳ್ಳುಬದನೆಯನ್ನು ಉಂಡವರಲ್ಲಿ ನಾನೂ ಒಬ್ಬಳು. ಕತ್ತಲಾಗುವ ಮೊದಲು ಕಾಡು ದಾಟಬೇಕೆಂದು ಗಡಿಯಾರ ನೋಡುತ್ತಾ ಉಂಡಿದ್ದೆ. ಅದರ ರುಚಿ ಹೇಗಿತ್ತು ಎಂದರೆ ಹೇಳಲು ನನಗೆ ತಿಳಿಯದು.