ಬಿಚ್ಚಿ ತಟ್ಟೆಗೆ ಹಾಕುವ ವೀರಭದ್ರಪ್ಪ

ಹರಿಹರದ ವೀರಭದ್ರಪ್ಪನ ಮುಂದೆ ಏನನ್ನೇ ಇಟ್ಟರೂ ಅವನು ಮೊದಲು ಅದನ್ನು ಬಿಚ್ಚುತ್ತಿದ್ದ. ಕೆಟ್ಟಿದೆಯೋ ಚೆನ್ನಾಗಿದೆಯೋ ಎಂದು ಕೇಳುತ್ತಿರಲಿಲ್ಲ, ಒಮ್ಮೆ ಚಾಲೂ ಮಾಡಿ ನೋಡುತ್ತಲೂ ಇರಲಿಲ್ಲ. ಎದೆಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಒಂದೊಂದೇ ಭಾಗವನ್ನು ಬೇರೆ ಮಾಡಿ, ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆಗೆ ಹಾಕಿ, ತಂದವರ ಕೈಗೇ ಕೊಡುತ್ತಿದ್ದ. "ನೀನಾ ಮಾಡಿದ್ದು? ಹಂಗಾರೆ ನನ್ ಮುಂದ ಕೂಡ್ಸು." ಇದು ಅವನು ಮನೆಗೆ ಬಂದವರನ್ನು ಮಾತಾಡಿಸುವ ರೀತಿ. ವಯಸ್ಸಾದವರನ್ನು ಅವನು ಇವನು ಎನ್ನಬಾರದೆಂದು ನಮ್ಮ ಮನೆಯವರು ಈಗಲೂ ನನ್ನನ್ನು ತಿದ್ದುತ್ತಾರೆ. ತಿದ್ದಲಿ. ಅವನು ನನ್ನ ಮರ್ಯಾದೆ ಉಳಿಸಿದ್ದರೆ ನಾನೂ ಅವನದ್ದು ಉಳಿಸುತ್ತಿದ್ದೆ.

ನಾವಿರುವುದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಮದುವೆ, ಆರತಕ್ಷತೆಗಳಿಗೆ ದೀಪ ಮತ್ತು ಮೈಕ್ ಸೆಟ್ಟು ಒದಗಿಸುವುದು ನಮ್ಮ ಮನೆಯವರ ಕೆಲಸ. ಸುಟ್ಟ ಸೀರಿಯಲ್ ಸೆಟ್ಟುಗಳನ್ನು, ಕಣ್ಣು ಮುಚ್ಚಿದ ಫೋಕಸ್ ಲೈಟುಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ರಿಪೇರಿ ಮಾಡುವುದು ನಾನು. ಅತ್ತ ಸಾರು ಕುದಿಯುತ್ತಿರುತ್ತದೆ, ಇತ್ತ ಬೆಸುಗೆ ಹಾಕುತ್ತಿರುತ್ತೇನೆ. ಹೀಗೆ ಹದಿನಾರು ವರ್ಷ ಕಳೆದರೂ ಬೋರ್ಡಿನ ಮೇಲೆ ಹೆಸರು ಅವರದೇ, ಜನ ಹೊಗಳುವುದೂ ಅವರನ್ನೇ. ಇದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನನ್ನ ಮೈದುನನ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಆರತಕ್ಷತೆ ಹರಿಹರದಲ್ಲಿ. ಈಗೆಲ್ಲ ಲೇಸರ್ ಶೋ ಇಲ್ಲದೆ ಆರತಕ್ಷತೆಗೆ ಕಳೆಯಿಲ್ಲ, ರೆಡಿಮೇಡ್ ಮಶೀನು ತರಿಸಿಬಿಡೋಣ ಎಂದ ಮೈದುನ. "ತರ್ಸಬ್ಯಾಡ, ನಾನೇ ಮಾಡ್ತೀನಿ" ಎಂದೆ. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ನಮ್ಮ ಮನೆಯವರೂ ನಕ್ಕರು. ಆ ನಗೆ ನೋಡಿದ ಮೇಲೆ ನಾನು ಬಿಡುವವಳಲ್ಲ. ಇಡೀ ಬಳಗ ಸೇರಿದ ಜಾಗದಲ್ಲಿ ಇದು ಗಿರಿಜಾ ಮಾಡಿದ್ದು ಎಂದು ಅವರ ಬಾಯಿಂದಲೇ ಹೇಳಿಸಬೇಕು ಎಂದು ಹಟ ಹಿಡಿದೆ.

ಲೇಸರ್ ಎಂದರೆ ಬರೀ ಒಂದು ಚುಕ್ಕೆ. ಅದರ ಮುಂದೆ ಎರಡು ಸಣ್ಣ ಕನ್ನಡಿ ಇಟ್ಟು, ಒಂದನ್ನು ಎಡಬಲಕ್ಕೂ ಇನ್ನೊಂದನ್ನು ಮೇಲೆಕೆಳಗೂ ಜೋರಾಗಿ ಆಡಿಸಿದರೆ ಚುಕ್ಕೆ ಗೆರೆಯಾಗುತ್ತದೆ, ಗೆರೆ ಹೂವಾಗುತ್ತದೆ. ಕನ್ನಡಿ ಆಡಿಸಲು ಗುಜರಿಯಲ್ಲಿ ಬಿದ್ದಿದ್ದ ಹಳೆಯ ಪ್ರಿಂಟರುಗಳಿಂದ ಎರಡು ಸ್ಟೆಪ್ಪರ್ ಮೋಟಾರು ಕಿತ್ತು ತಂದೆ. ಇವು ಫ್ಯಾನಿನಂತೆ ಸುಮ್ಮನೆ ತಿರುಗುವುದಿಲ್ಲ. ಎಷ್ಟು ಹೆಜ್ಜೆ ಎಂದು ಹೇಳುತ್ತೇವೋ ಅಷ್ಟು ಹೆಜ್ಜೆ ತಿರುಗಿ ನಿಲ್ಲುತ್ತವೆ. ಮೊದಲು ಬಂದ ವೃತ್ತ ವೃತ್ತವಾಗಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿತ್ತು. ಒಂದೊಂದು ಹೆಜ್ಜೆಯನ್ನೂ ಹದಿನಾರು ತುಣುಕು ಮಾಡುವ ಬೋರ್ಡು ಹಾಕಿದ ಮೇಲೆ ಗೆರೆ ನುಣುಪಾಯಿತು. ಆದರೆ ಮೋಟಾರಿನ ಕಡ್ಡಿಗೆ ಕನ್ನಡಿ ಕೂರಿಸಲು ಅಲುಗಾಡದ ಹಿಡಿಕೆ ಬೇಕಿತ್ತು. ಅದಕ್ಕೆ ಲೋಹ ಕಡೆಯುವ ಲೇತ್ ಬೇಕು, ಮತ್ತು ಅಂಥ ಸಣ್ಣ ಕೆಲಸಕ್ಕೆ ಹರಿಹರದ ವೀರಭದ್ರಪ್ಪನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳಿದರು.

ಅವನು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿದ್ದ. ಅಲ್ಲಿದ್ದದ್ದು ಒಂದೇ ಸ್ಟೂಲು, ಅದರ ಮೇಲೆ ಅವನೇ ಕೂತಿರುತ್ತಿದ್ದ. ಕೂಡ್ರಿ ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಹೆಂಡತಿ ಶಾಂತಮ್ಮ ಚಹಾ ತಂದರೆ ಲೋಟವನ್ನೆತ್ತಿ ತಳವನ್ನೂ ಒಮ್ಮೆ ನೋಡಿಯೇ ಕುಡಿಯುತ್ತಿದ್ದ. ನಾನು ಮೊದಲ ಸಲ ಹೋದಾಗ ಸಾರಥಿ ಹಳ್ಳಿಯ ರೈತರೊಬ್ಬರು ಪಂಪ್‌ಸೆಟ್ಟಿನ ಸ್ಟಾರ್ಟರ್ ತಂದು, ಅದರ ಭಾಗಗಳಿದ್ದ ತಟ್ಟೆಯನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತಿದ್ದರು. "ಬರೀ ಒಂದು ವೈರ್ ಹಾಕ್ರಿ ಅಂದ್ರೆ ಹಿಂಗ ಮಾಡಿದ್ರಲ್ರೀ" ಎಂದು ಗೊಣಗುತ್ತಿದ್ದರು. ವೀರಭದ್ರಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ.

ನನ್ನ ಸರದಿ ಬಂದಾಗ ಕನ್ನಡಿಯನ್ನು ಎತ್ತಿ ಉಗುರಿನ ತುದಿ ತಾಗಿಸಿದ. "ಇದು ಮಕ ನೋಡ್ಕಣ ಕನ್ನಡಿ. ಬೆನ್ನಿಗೆ ಹೊಳೆಯೋ ಬಣ್ಣ ಐತೆ. ಗಾಜಿಂದ ಒಂದ್ ಚುಕ್ಕಿ, ಬಣ್ಣದಿಂದ ಒಂದ್ ಚುಕ್ಕಿ, ಎರಡು ಬೀಳ್ತಾವು. ಅಷ್ಟೂ ಗೊತ್ತಿಲ್ಲೇನು?" ನನಗೆ ನಿಜಕ್ಕೂ ಎರಡು ಚುಕ್ಕೆ ಬೀಳುತ್ತಿದ್ದವು, ಯಾಕೆಂದು ತಿಳಿಯದೆ ವಾರಗಟ್ಟಲೆ ಒದ್ದಾಡಿದ್ದೆ. ಹಾಳಾದ ಜೆರಾಕ್ಸ್ ಮಶೀನಿನೊಳಗಿನ ಕನ್ನಡಿಗೆ ಮುಂದೆಯೇ ಬಣ್ಣವಿರುತ್ತದೆ, ಅದನ್ನು ಹುಡುಕಿ ತಾ ಎಂದ. ಹೇಳಿಕೊಟ್ಟ ಎಂದು ಕೈ ಮುಗಿಯಬೇಕು ಎನಿಸುವಷ್ಟರಲ್ಲಿ ನನ್ನ ಯಂತ್ರವನ್ನು ಪೂರ್ತಿ ಬಿಚ್ಚಿ ತಟ್ಟೆಗೆ ಸುರಿದ. ಮೂರು ಸಲ ಬಿಚ್ಚಿದ, ಮೂರು ಸಲವೂ ನಿಂತುಕೊಂಡೇ ಕೂಡಿಸಿದೆ. ಮೂರನೆಯ ಸಲ ಒಂದು ವಾಷರ್ ತಟ್ಟೆಯಲ್ಲೇ ಉಳಿಯಿತು. ಅದನ್ನು ಬೆರಳಲ್ಲಿ ಎತ್ತಿ ಹಿಡಿದು, "ನೀನು ಹೋಳಿಗೆ ಚಲೋ ಮಾಡ್ತೀಯಂತ, ನಿನ್ ಗಂಡ ಫೋನ್ನಾಗ ಹೇಳ್ತಿದ್ದ. ಅದನ್ನೇ ಮಾಡವ್ವ" ಎಂದ. ಸ್ಕೂಟಿಯಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ.

ಹಿಡಿಕೆಗಳನ್ನು ಮಾತ್ರ ಅವನು ಮಾಡಿಕೊಟ್ಟ ಹಾಗೆ ಯಾರೂ ಮಾಡಲಾರರು. ತೂಕ ಇಳಿಸಲು ಒಳಗೆಲ್ಲ ಕೊರೆದು ಟೊಳ್ಳು ಮಾಡಿದ್ದ, ಪಕ್ಕದಲ್ಲಿ ಕಡ್ಡಿಯನ್ನು ಬಿಗಿಹಿಡಿಯಲು ಅಕ್ಕಿಕಾಳಿನಷ್ಟು ಸ್ಕ್ರೂ ಇಟ್ಟಿದ್ದ. ಕೈಗೆ ಕೊಡುವಾಗ ಒಂದು ಮಾತು ಹೇಳಿದ. "ಈ ಮೋಟಾರು ಕುರುಡು. ತಾನು ಎಲ್ಲೈತೆ ಅಂತ ತನಗೇ ಗೊತ್ತಿಲ್ಲ. ಜೋರು ಮಾಡಿದ್ರೆ ಹೆಜ್ಜೆ ತಪ್ತೈತೆ, ತಪ್ಪಿದ್ದೂ ಅದಕ್ಕೆ ತಿಳಿಯಂಗಿಲ್ಲ. ಆಡೋ ಬೆಳಕು ಕಣ್ಣಿಗೆ ಏನೂ ಮಾಡಲ್ಲ, ಒಂದೇ ಕಡೆ ನಿಂತ್ರೆ ಕಣ್ಣು ಹೋತು. ಕನ್ನಡಿ ನಿಂತ್ರ ದೀಪ ಆರಬೇಕು. ಹಂಗ ಮಾಡ್ಕಂಡು ಬಾ." ಹೂಂ ಎಂದು ತಲೆಯಾಡಿಸಿದೆ. ಮತ್ತೆ ಆ ಶೆಡ್ಡಿಗೆ ಕಾಲಿಡಬಾರದು ಎಂದು ಅಷ್ಟರಲ್ಲಿ ನಿರ್ಧಾರ ಮಾಡಿಯಾಗಿತ್ತು.

ಇನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಸಂಗತಿ ಇದೆ. ಮನೆಯ ಗೋಡೆಯ ಮೇಲೆ ಪರೀಕ್ಷೆ ಮಾಡುವಾಗ ಹೂವು ಸ್ವಿಚ್‌ಬೋರ್ಡಿನ ಎತ್ತರದಲ್ಲಿ ಶುರುವಾಗುತ್ತಿತ್ತು. ಕಾಲು ಗಂಟೆಯಲ್ಲಿ ಮೆಲ್ಲಗೆ ಜಾರಿ ಕೆಳಗಿದ್ದ ಕ್ಯಾಲೆಂಡರಿನ ಮೇಲೆ ಬಂದು ಕೂರುತ್ತಿತ್ತು. ಮೋಟಾರು ಹೆಜ್ಜೆ ತಪ್ಪುತ್ತಿದೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ಆರತಕ್ಷತೆಗೆ ಆರು ದಿನ ಉಳಿದಿತ್ತು, ಎಲ್ಲವನ್ನೂ ಬಿಚ್ಚಿ ಹೊಸದಾಗಿ ಮಾಡುವ ತಾಳ್ಮೆ ನನಗಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೆಂಪು ಗುಂಡಿ ಕೂರಿಸಿದೆ. ಅದನ್ನು ಒತ್ತಿದರೆ ಹೂವು ಮತ್ತೆ ಮೇಲಕ್ಕೆ ಏರುತ್ತಿತ್ತು. ಇಳಿದಾಗೆಲ್ಲ ಒತ್ತಿದರಾಯಿತು ಎಂದುಕೊಂಡೆ.

ಆರತಕ್ಷತೆಯ ಸಂಜೆ ಯಂತ್ರವನ್ನು ವೇದಿಕೆಯ ಪಕ್ಕದ ಮೇಜಿನ ಮೇಲಿಟ್ಟು, ಶೋಗೆಂದು ಬಿಟ್ಟ ಹೊಗೆಯಲ್ಲಿ ಕಿರಣಗಳು ಜನರ ತಲೆಯ ಮೇಲೆ ಹಾದುಹೋಗುವಂತೆ ಹೊಂದಿಸಿದ್ದೆ. ಮುಂದಿನ ಸಾಲಿನ ಕುರ್ಚಿಗಳ ಮೇಲೆ ಮಕ್ಕಳು ಹತ್ತಿ ನಿಂತಿದ್ದರು. ಗಂಡಿನ ಕಡೆಯವರು ವೀರಭದ್ರಪ್ಪನ ನೆರೆಯವರಂತೆ, ನನಗೆ ಗೊತ್ತಿರಲಿಲ್ಲ. ಬಿಳಿ ಪಂಚೆ ಉಟ್ಟು ಬಂದವನು ವಧೂವರರ ಕಡೆ ತಿರುಗಿಯೂ ನೋಡದೆ ನೇರವಾಗಿ ನನ್ನ ಮೇಜಿಗೆ ಬಂದ.

"ಈ ಕೆಂಪು ಗುಂಡಿ ಯಾತಕ್ಕ?"

"ಆನ್ ಆಫ್" ಎಂದೆ.

ಆನ್ ಆಫ್ ಸ್ವಿಚ್ಚು ಪಕ್ಕದಲ್ಲೇ ಬೇರೆ ಇತ್ತು, ಮೇಲೆ ಹಾಗೆಂದು ನಾನೇ ಬರೆದಿದ್ದೆ. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ, ಕುರ್ಚಿಯ ಮೇಲೆ ನಿಂತ ಮಕ್ಕಳನ್ನೂ ನೋಡಿದ. ಆಮೇಲೆ ಊಟದ ಹಾಲಿಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದೇ ಇತ್ತು. ನಾನು ಕೈ ಹಿಡಿದರೂ ಬಿಡದೆ ಎರಡೂ ಕನ್ನಡಿ ಬಿಚ್ಚಿ ತಟ್ಟೆಗೆ ಹಾಕಿ, ಹಿಡಿಕೆಯ ಸ್ಕ್ರೂವನ್ನು ತನ್ನ ಜೇಬಿಗೆ ಹಾಕಿಕೊಂಡ. ಬಳಗವೆಲ್ಲ ಸುತ್ತ ಸೇರಿತು. "ಈ ಯಮ್ಮಗ ಕೆಲಸ ಬರಂಗಿಲ್ಲ, ಬರೀ ಅವಸರ ಐತೆ. ಕೂಸಿನ ಕಣ್ಣು ಹೋದ್ರೆ ಯಾರು ತಂದು ಕೊಡ್ತೀರಿ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮೈದುನ "ಅದಕ್ಕೇ ನಾನು ರೆಡಿಮೇಡ್ ತರ್ಸಾಣ ಅಂದಿದ್ದು" ಎಂದ. ನಮ್ಮ ಮನೆಯವರು ಆ ಮುದುಕನಿಗೇ ಕೈ ಮುಗಿದು, ತಪ್ಪಾತ್ರಿ ಎಂದರು. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಕಾವ್ಯಳ ಫೋಟೋಗಳಲ್ಲಿ ನಾನಿಲ್ಲ.

ಅವನು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಸರಿ ಇದ್ದದ್ದರಿಂದಲೇ ಇನ್ನಷ್ಟು ದ್ವೇಷ ಬಂತು. ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ?

ಆಮೇಲಿನ ಎಂಟು ತಿಂಗಳು ಆ ದ್ವೇಷದಲ್ಲೇ ಕೆಲಸ ಮಾಡಿದೆ. ಪ್ರತಿ ಕನ್ನಡಿಯ ಕಡ್ಡಿಗೂ ಉಗುರಿನಷ್ಟು ತಗಡು ಅಂಟಿಸಿದೆ. ಪ್ರಿಂಟರಿನಿಂದಲೇ ಕಿತ್ತ ಒಂದು ಸೆನ್ಸರ್‌ನ ಸೀಳಿನಲ್ಲಿ ಕನ್ನಡಿ ಆಡಿದ ಪ್ರತಿ ಸಲವೂ ಆ ತಗಡು ಹಾದುಹೋಗಬೇಕು. ಹಾದುಹೋದರೆ ಕನ್ನಡಿ ತನ್ನ ಜಾಗದಲ್ಲಿದೆ ಎಂದು ಅರ್ಥ. ಒಂದು ಸಲ ತಪ್ಪಿದರೂ ಲೇಸರಿಗೆ ಕರೆಂಟು ಕಟ್. ಕೆಂಪು ಗುಂಡಿ ಕಿತ್ತುಹಾಕಿ ಆ ತೂತನ್ನು ಮುಚ್ಚಿದೆ. ಇದನ್ನು ಅವನ ಮುಂದಿಟ್ಟು, ಬಿಚ್ಚು, ಎಲ್ಲಿ ತಪ್ಪಿದೆ ತೋರಿಸು ಎನ್ನಬೇಕು. ತಟ್ಟೆ ಹಿಡಿದು ಅವನೇ ಪೆಚ್ಚಾಗಿ ನಿಲ್ಲಬೇಕು. ನನಗಿದ್ದ ಆಸೆ ಅಷ್ಟೇ.

ನಮ್ಮ ಮನೆಯವರನ್ನು ಬೇಕೆಂದೇ ಜೊತೆಗೆ ಕರೆದುಕೊಂಡು ಹೋದೆ. ಲೇತಿನ ಮೇಲೆ ಗೋಣಿಚೀಲ ಹೊದಿಸಿತ್ತು. ವೀರಭದ್ರಪ್ಪ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಅಯ್ಯೋ ಪಾಪ ಎನಿಸಲಿಲ್ಲ. ಈಗಲೇ ಹಿಂಗಾಗಬೇಕಿತ್ತೇ ಎಂದು ಸಿಟ್ಟು ಬಂತು. ಶಾಂತಮ್ಮ ಕಿಟಕಿ ಮುಚ್ಚಿದರು. ಯಂತ್ರವನ್ನು ಸ್ಟೂಲಿನ ಮೇಲಿಟ್ಟು ಚಾಲೂ ಮಾಡಿದೆ. ಎದುರು ಗೋಡೆಯ ಮೇಲೆ ಹಸಿರು ಹೂವು ಅರಳಿತು.

ಅವನು ಹೂವನ್ನು ನೋಡಲೇ ಇಲ್ಲ. ಎಡಗೈ ಚಾಚಿ ಕನ್ನಡಿಯ ಮೇಲೆ ಬೆರಳಿಟ್ಟ. ಬೆಳಕು ಆರಿತು. ಬೆರಳು ತೆಗೆದ, ಹೊತ್ತಿತು. ಇನ್ನೊಂದು ಕನ್ನಡಿಯ ಮೇಲೆ ಇಟ್ಟ, ಆರಿತು. ಹೀಗೆ ಮೂರ್ನಾಲ್ಕು ಸಲ ಮಾಡಿದ.

"ಸ್ಕ್ರೂಡ್ರೈವರ್ ಕೊಡ್ಲೇನ್ರಿ?" ಎಂದೆ. ಚುಚ್ಚಲಿಕ್ಕೇ ಕೇಳಿದ್ದು.

"ಬ್ಯಾಡ" ಎಂದ. ಪೆಟ್ಟಿಗೆಯ ಮೇಲೆ ತೂತು ಮುಚ್ಚಿದ ಜಾಗವನ್ನು ಬೆರಳಿಂದ ಸವರಿದ. "ಕೆಂಪು ಗುಂಡಿ ಇತ್ತಲ್ಲ. ಯಾತಕ್ಕಿತ್ತು ಅದು?"

ನಮ್ಮ ಮನೆಯವರು ನನ್ನ ಪಕ್ಕದಲ್ಲೇ ನಿಂತಿದ್ದರು. ತಿಳಿಯದೆ ತಪ್ಪು ಮಾಡಿದವಳು ಎಂದು ಅವರು ನನ್ನನ್ನು ಎಂದೋ ಕ್ಷಮಿಸಿದ್ದರು. ತಿಳಿದೂ ತಿಳಿದೂ ಮಕ್ಕಳ ಕಣ್ಣಿನ ಮುಂದೆ ಅದನ್ನು ಇಟ್ಟಿದ್ದೆ ಎಂದರೆ ಏನೆಂದಾರು?

"ಆನ್ ಆಫ್" ಎಂದೆ.

"ಆವತ್ತೂ ಹಂಗೇ ಅಂದ್ಲಲ್ರೀ" ಎಂದರು ನಮ್ಮ ಮನೆಯವರು.

ವೀರಭದ್ರಪ್ಪ ನನ್ನ ಮುಖವನ್ನೇ ನೋಡುತ್ತ ಕೂತ. ಜೀವಮಾನದಲ್ಲಿ ಯಾರ ಕೆಲಸವನ್ನೂ ಬಿಚ್ಚದೆ ಬಿಡದಿದ್ದ ಮನುಷ್ಯ ಅವನು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, "ಹೂಂ. ಆನ್ ಆಫೇ. ನಾನೂ ನೋಡಿದ್ದೆ" ಎಂದ.

ತಿಂಗಳೊಳಗೆ ತೀರಿಹೋದ. ನಾನು ಮಣ್ಣಿಗೆ ಹೋಗಲಿಲ್ಲ. ಈಗ ನಮ್ಮ ಬೋರ್ಡಿನ ಮೇಲೆ ನನ್ನ ಹೆಸರೂ ಇದೆ. ಪ್ರತಿ ಶೋಗೂ ಮೊದಲು ಕನ್ನಡಿಯ ಮೇಲೆ ಬೆರಳಿಟ್ಟು, ಬೆಳಕು ಆರುವುದನ್ನು ನೋಡಿ, ಮನಸ್ಸಿನಲ್ಲೇ ಅವನನ್ನು ಬೈಯುತ್ತೇನೆ. ಇನ್ನೊಬ್ಬರ ಮುಂದೆ ನನ್ನನ್ನು ಬಿಚ್ಚಿ ತಟ್ಟೆಗೆ ಹಾಕುವುದಿದ್ದರೆ ಅವನು ಮಂಚದ ಮೇಲಿದ್ದ ಆ ದಿನ ಹಾಕಬೇಕಿತ್ತು. ಹಾಕಲಿಲ್ಲ. ಆ ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ.