ಕುದ್ಸಿಯಾ ಬೇಗಂ ಮನೆಯ ಕೀಮಾ

ಕುದ್ಸಿಯಾ ಬೇಗಂ ಜಂಬದ ಹೆಂಗಸು. ತನ್ನ ತಪ್ಪನ್ನು ಒಪ್ಪಿಕೊಂಡವಳಲ್ಲ, ಇನ್ನೊಬ್ಬರ ಕೈರುಚಿಯನ್ನು ಮೆಚ್ಚಿದವಳಲ್ಲ. ಹೈದರಾಬಾದಿನ ಶಾಲಿಬಂಡದಲ್ಲಿ ಈ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಸೊಸೆ ನಿಗಾರ್ ಅಂತೂ ಅಲ್ಲವೇ ಅಲ್ಲ.

ಬಕ್ರೀದಿನ ಮೂರನೆಯ ದಿನ ಇಡೀ ಕುಟುಂಬ ಹಿರಿಸೊಸೆ ಕುದ್ಸಿಯಾಳ ಮನೆಯಲ್ಲಿ ಕಿಚಡಿ, ಕೀಮಾ ಉಣ್ಣುವುದು ರೂಢಿ. ಇಪ್ಪತ್ತೆಂಟು ವರ್ಷ ಆ ಕೀಮಾ ಅವಳ ಕೈಯದೇ. ಓರಗಿತ್ತಿ ತಸ್ನೀಮ್ ಈ ಊಟವನ್ನು ತನ್ನ ಹೊಸ ಮನೆಗೆ ಎಳೆದುಕೊಳ್ಳಲು ನೆಪ ಹುಡುಕುತ್ತಿದ್ದಳು. ಈ ಸಲ ಹಬ್ಬಕ್ಕೆ ವಾರವಿರುವಾಗ ಕುದ್ಸಿಯಾ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು.

"ಈ ಕೈಯ ಪಟ್ಟಿ ತಸ್ನೀಮ್ ಕಣ್ಣಿಗೆ ಬಿತ್ತೋ, ಊಟ ಅವಳ ಮನೆಗೆ ಹೋಯ್ತು ಅಂತ್ಲೇ ಲೆಕ್ಕ. ದುಲ್ಹನ್, ಅಡುಗೆ ನೀನು ಮಾಡು, ಹೆಸರು ನನ್ನದು. ನಿಮ್ಮ ನಾಂದೇಡದವರ ಹಾಗೆ ಟೊಮೇಟೊ ಸುರಿದೀಯ, ಜೋಕೆ!" ಎಂದು ಸೊಸೆಗೆ ತಾಕೀತು ಮಾಡಿದಳು.

"ಇಲ್ಲ ಅಮ್ಮಿ."

ಹಬ್ಬದ ಮೂರನೆಯ ದಿನ ಬೆಳಗಿನ ನಮಾಜು ಮುಗಿಸಿ ನಿಗಾರ್ ಹುಣಸೆ ಕೊರಡಿನ ಮೇಲೆ ಮಾಂಸವನ್ನು ಚೂರಿಯಲ್ಲೇ ಕೊಚ್ಚಿದಳು. ಯಂತ್ರದ ಕೀಮಾ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಮಾಂಸ ಮೆತ್ತಗಾಗಲೆಂದು ಹಸಿ ಪರಂಗಿಕಾಯಿಯನ್ನು ಸಿಪ್ಪೆ ಸಮೇತ ಅರೆದು, ಒಂದು ಚಮಚ ಕಲಸಿ, ಉಳಿದದ್ದನ್ನು ಬಟ್ಟಲಲ್ಲೇ ಬಿಟ್ಟು, ಕೀಮಾ ಮುಚ್ಚಿಟ್ಟು ಅಕ್ಕಿ ಆರಿಸಲು ಹೋದಳು. ಪರಂಗಿ ಹಾಕುವುದನ್ನು ಇವಳು ಮರೆತೇ ಇರುತ್ತಾಳೆ ಎಂದು ಅತ್ತೆಗೆ ಖಾತ್ರಿ. ಕೇಳುವುದಕ್ಕೆ ಜಂಬ ಬಿಡಲಿಲ್ಲ. ಎಡಗೈಯಲ್ಲೇ ತಾನೂ ಹಾಕಿ ಕಲಸಿದಳು. ಅಂದಾಜು ಸಿಗದೆ ಬಟ್ಟಲೇ ಬರಿದಾಯಿತು.

ಹತ್ತು ಗಂಟೆಗೆ ಮುಚ್ಚಳ ತೆಗೆದರೆ ಕೀಮಾ ಕರಗಿ ಅಂಟು ಮುದ್ದೆಯಾಗಿತ್ತು.

"ಎಂಥಾ ಕೈಗುಣ ನಿಂದು!" ಎಂದಳು ಕುದ್ಸಿಯಾ.

ನಿಗಾರ್ ಖಾಲಿ ಬಟ್ಟಲನ್ನು ನೋಡಿದಳು. ಅತ್ತೆಯ ಎಡಗೈ ಉಗುರುಗಳ ಸಂದಿಯ ಹಸಿರನ್ನೂ ನೋಡಿದಳು.

"ಆಮೇಲೆ ಬೈಯುವಿರಂತೆ, ಅಮ್ಮಿ. ಹುರಿಗಡಲೆ ಡಬ್ಬಿ ಎಲ್ಲಿದೆ?"

"ಹುರಿಗಡಲೆನಾ? ಚಟ್ನಿ ಮಾಡ್ತೀಯಾ?"

"ಉದುರುದುರಾಗಿ ಇನ್ನು ಬರಲ್ಲ. ಹಿಟ್ಟು ಸೇರಿಸಿ, ಹೊಗೆ ಕೊಟ್ಟು ದಮ್ ಕೀಮಾನೇ ಆಗಲಿ. ಸರೀರಿ ಆಕಡೆ."

ಆ ಅಡುಗೆಮನೆಯಲ್ಲಿ ಕುದ್ಸಿಯಾಳಿಗೆ "ಸರೀರಿ" ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಸರಿದಳು.

ಕಂದು ಬಣ್ಣಕ್ಕೆ ಕರಿದ ಈರುಳ್ಳಿ, ಮೊಸರು, ಮಸಾಲೆ, ಹುರಿಗಡಲೆ ಹಿಟ್ಟು. ಎಲ್ಲವನ್ನೂ ಬೆರೆಸಿ ನಿಗಾರ್ ಅಗಲ ಪಾತ್ರೆಯಲ್ಲಿ ಹರವಿದಳು. ಮಂದ ಉರಿಯಲ್ಲಿ ಬೆಂದ ಮೇಲೆ ನಡುವೆ ಈರುಳ್ಳಿ ಸಿಪ್ಪೆಯ ದೊನ್ನೆಯಿಟ್ಟು, ಕೆಂಡ ಹಾಕಿ, ತುಪ್ಪ ಬಿಟ್ಟು, ಹೊಗೆ ಹೊರಬೀಳುವ ಮೊದಲೇ ಮುಚ್ಚಿದಳು.

ಮಧ್ಯಾಹ್ನ ನೆಂಟರು ಕೂತರು. ಕುದ್ಸಿಯಾ ಬಲಗೈಯನ್ನು ದುಪಟ್ಟಾದೊಳಗಿಟ್ಟು, "ನಿಮ್ಮದಾಗಲಿ, ಆಮೇಲೆ ನಾನು," ಎಂದಳು. ಎರಡನೆಯ ತುತ್ತಿಗೇ ತಟ್ಟೆಗಳು ಮುಂದೆ ಬಂದವು. ಪಾತ್ರೆಯ ತಳವನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿಂದವಳು ತಸ್ನೀಮಳೇ.

"ಭಾಬಿ, ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ? ಸೋತೆ, ಮಾರಾಯ್ತಿ! ನಮ್ಮನೆ ಮಾತು ಇನ್ನು ಎತ್ತಲ್ಲ. ಕೊಡಿ ಆ ಕೈ, ಮುತ್ತಿಡ್ತೀನಿ."

ಕುದ್ಸಿಯಾ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕಣ್ಣಲ್ಲೇ ಹತ್ತಿರ ಕರೆದಳು. ದುಪಟ್ಟಾದೊಳಗಿನಿಂದ ಪಟ್ಟಿ ಹಾಕಿದ ಕೈಯನ್ನು ತೆಗೆದು ಎಲ್ಲರೆದುರು, ಊಟಕ್ಕೆ ಹಾಸಿದ ದಸ್ತರಖಾನಿನ ಮೇಲಿಟ್ಟಳು. ಆಮೇಲೆ ಎಡಗೈಯಿಂದ ನಿಗಾರಳ ಮಣಿಕಟ್ಟು ಹಿಡಿದೆಳೆದು, ಹೊಗೆ ವಾಸನೆಯ ಆ ಕೈಯನ್ನು ತಸ್ನೀಮಳ ಕೈಯಲ್ಲಿಟ್ಟಳು.